ಅವಳು ‘ಯೇತೆ’ ಅನ್ನಲಿಲ್ಲ

ಮರಾಠಿ ಹೆಣ್ಣುಮಕ್ಕಳು ಹೊರಡುವಾಗ ‘ಜಾತೆ’ ಅನ್ನುವುದಿಲ್ಲ, ‘ಯೇತೆ’ ಅನ್ನುತ್ತಾರೆ. ನಾವು ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವ ಹಾಗೆ. ಡೊಂಬಿವಲಿಗೆ ಬಂದ ಹೊಸದರಲ್ಲಿ ನನಗೆ ತಟ್ಟನೆ ಹತ್ತಿರವಾದ ಮರಾಠಿ ಮಾತು ಅದು. ನನ್ನ ದವಾಖಾನೆಯ ರಿಸೆಪ್ಷನ್‌ನಲ್ಲಿ ಒಂಬತ್ತು ವರ್ಷ ಕೂತಿದ್ದ ಹುಡುಗಿ ದಿನಾ ರಾತ್ರಿ ಒಂಬತ್ತೂವರೆಗೆ ಪರದೆ ಸರಿಸಿ, ‘ಮ್ಯಾಡಂ, ಯೇತೆ’ ಎಂದು ಹೇಳಿಯೇ ಹೋಗುತ್ತಿದ್ದಳು. 2017ರ ಫೆಬ್ರವರಿ ಕೊನೆಯ ದಿನ ಬೀಗದ ಕೈ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು, ‘ಜಾತೆ, ಮ್ಯಾಡಂ’ ಅಂದಳು.

ಅವಳು ಸೇರಿದ್ದು ಒಂದು ದೊಡ್ಡ ಡಯಾಗ್ನೋಸ್ಟಿಕ್ ಸೆಂಟರಿಗೆ. ಸಂಬಳ ನಾನು ಕೊಡುತ್ತಿದ್ದುದಕ್ಕಿಂತ ಎರಡು ಸಾವಿರ ಹೆಚ್ಚು, ಆದರೆ ರೈಲು ಪಾಸು, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ನನಗೆ ಸಿಟ್ಟು ಬಂದಿತ್ತು. ಪ್ರತಿ ದೀಪಾವಳಿಗೆ ಬೋನಸ್ ಕೊಟ್ಟಿದ್ದೆ, ಡ್ರೈಫ್ರೂಟ್ ಡಬ್ಬಿ ಕೊಟ್ಟಿದ್ದೆ, ಅವಳ ತಾಯಿಯ ಸಕ್ಕರೆ ಕಾಯಿಲೆಗೆ ಪುಕ್ಕಟೆ ಔಷಧ ಕೊಟ್ಟಿದ್ದೆ. ಇನ್ನೇನು ಮಾಡಬೇಕಿತ್ತು ಎಂದು ಮನೆಯಲ್ಲಿ ಯಜಮಾನರ ಮುಂದೆ ಎರಡು ದಿನ ಹಾಡಿದ್ದೇ ಹಾಡಿದೆ.

ಉತ್ತರ ಹೇಳಿದ್ದು ಮಾವಶಿ. ಮಹಾರಾಷ್ಟ್ರದ ಆಸ್ಪತ್ರೆಗಳಲ್ಲಿ ಆಯಾಗಳನ್ನು ಹಾಗೇ ಕರೆಯುವುದು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲೂ ಚಿಕ್ಕಮ್ಮನಿಗೆ ಮೌಶಿ ಅನ್ನುವವರಿದ್ದಾರಲ್ಲ, ಅದೇ ಪದ. ಎರಡು ವಾರದ ಮೇಲೆ ನೆಲ ಒರೆಸುತ್ತಾ, ತಲೆ ಎತ್ತದೆ ಹೇಳಿದಳು: ‘ಮ್ಯಾಡಂ, ಆ ಆಜೋಬಾ ಉಳಿದದ್ದು ಅವಳಿಂದ. ಅವರ ಮನೆಯವರು ಪೇಢೆ ತಂದುಕೊಟ್ಟರು. ಅವಳ ಕೈಗೆ ಒಂದು ಪೇಢೆಯೂ ಬರಲಿಲ್ಲ.’

ಯಾವ ಆಜೋಬಾ ಎಂದು ಕೇಳುವ ಅಗತ್ಯವಿರಲಿಲ್ಲ. 2016ರ ನವೆಂಬರ್, 500 ಮತ್ತು 1000ದ ನೋಟು ರದ್ದಾದ ಎರಡನೇ ವಾರ. ನನ್ನ ಫೀಸು ಆಗ ಇನ್ನೂರು ರೂಪಾಯಿ. ಬಂದವರೆಲ್ಲ 2000ದ ಹೊಸ ನೋಟು ಹಿಡಿದು ಬರುತ್ತಿದ್ದರು, ಚಿಲ್ಲರೆ ಎಲ್ಲಿಂದ ತರುವುದು? ರಿಸೆಪ್ಷನ್ ಮುಂದೆ ದಿನಾ ಜಗಳ. ಅಂಥ ಒಂದು ಸಂಜೆ ಅವಳು ಮೂವತ್ತೊಂದನೇ ನಂಬರಿನ ವೃದ್ಧರೊಬ್ಬರನ್ನು ಹನ್ನೆರಡನೇ ನಂಬರಿಗೇ ಒಳಗೆ ತಂದು ಬಿಟ್ಟಳು. ಹೊರಗೆ ಕೂತವರು ಎದ್ದು ನಿಂತು ಕೂಗಿದರು. ಒಬ್ಬರು, ‘ಎಷ್ಟು ತಗೊಂಡೆ?’ ಎಂದೂ ಕೇಳಿದರಂತೆ. ನಾನು ರೋಗಿಯ ಮುಖ ನೋಡುವ ಮೊದಲೇ, ಬಾಗಿಲು ತೆರೆದಿರುವಾಗಲೇ, ಎಲ್ಲರಿಗೂ ಕೇಳುವಂತೆ ಅವಳನ್ನು ಗದರಿದೆ: ‘ಏನಿದು ಗದ್ದಲ? ನಂಬರ್ ನೋಡಿ ಕಳಿಸೋದಕ್ಕೂ ಬರೋದಿಲ್ಲವಾ ನಿನಗೆ?’

ಅವಳು ಹೇಳಿದ್ದು ಒಂದೇ ಮಾತು, ‘ಮ್ಯಾಡಂ, ಇವರು ಫ್ಯಾನ್ ಕೆಳಗೆ ಕೂತು ಬೆವರುತ್ತಿದ್ದರು.’

ಇಸಿಜಿ ತೆಗೆದರೆ ಹೃದಯಾಘಾತ ಸ್ಪಷ್ಟವಾಗಿತ್ತು. ಆಸ್ಪಿರಿನ್ ಅಗಿಯಲು ಕೊಟ್ಟು, ಆ್ಯಂಬುಲೆನ್ಸ್ ಕರೆಸಿ ಠಾಣೆಯ ಆಸ್ಪತ್ರೆಗೆ ಕಳಿಸಿದೆವು. ಆಂಜಿಯೋಪ್ಲಾಸ್ಟಿ ಆಯಿತು, ಉಳಿದರು. ತನ್ನ ಸರದಿ ಬರುವವರೆಗೆ ಕೂತಿದ್ದರೆ ಇನ್ನೂ ಒಂದೂವರೆ ಗಂಟೆಯಾದರೂ ಹಿಡಿಯುತ್ತಿತ್ತು. ತಿಂಗಳ ಮೇಲೆ ಮಗ, ಸೊಸೆ ಪೇಢೆ ಡಬ್ಬಿ ಹಿಡಿದು ಬಂದು ನನ್ನ ಕಾಲು ಮುಟ್ಟಿದರು. ನಾನು ‘ದೇವರ ದಯೆ’ ಎಂದು ಹೇಳಿ ಡಬ್ಬಿಯನ್ನು ಮನೆಗೆ ಒಯ್ದೆ. ಅವಳನ್ನು ಗದರಿದ್ದು ನೂರು ಜನರ ಎದುರು. ಅವಳು ಸರಿ ಎಂದು ಗೊತ್ತಾದ ಮೇಲೆ ಒಂದು ಕೋಣೆಯೊಳಗೆ ಕರೆದು ಕೂಡ ಹೇಳಲಿಲ್ಲ. ಹೇಳಬಾರದೆಂದಲ್ಲ, ಹೊಳೆಯಲೇ ಇಲ್ಲ. ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಆ ಡ್ರೈಫ್ರೂಟ್ ಡಬ್ಬಿಗಳ ಕಥೆಯನ್ನೂ ಹೇಳಿಬಿಡುತ್ತೇನೆ, ನಾಚಿಕೆಯಾದರೂ. ಅವು ನಾನು ಕೊಂಡವಲ್ಲ. ದೀಪಾವಳಿ ಹೊತ್ತಿಗೆ ಲ್ಯಾಬ್‌ಗಳವರು, ಔಷಧ ಕಂಪನಿಗಳವರು ತಂದಿಟ್ಟು ಹೋಗುತ್ತಿದ್ದವು. ಕಂಪನಿಗಳಿಂದ ವೈದ್ಯರು ಉಡುಗೊರೆ ತೆಗೆದುಕೊಳ್ಳಬಾರದೆಂದು ವೈದ್ಯಕೀಯ ಮಂಡಳಿಯ ನಿಯಮ 2009ರಲ್ಲೇ ಬಂದಿತ್ತು. ಡಬ್ಬಿ ಬರುವುದು ನಿಂತಿರಲಿಲ್ಲ, ನಾನೂ ಬೇಡ ಅಂದಿರಲಿಲ್ಲ. ಅವನ್ನೇ ಸಾಲಾಗಿ ಇಟ್ಟು ಒಬ್ಬೊಬ್ಬರಿಗೆ ಹಂಚುತ್ತಿದ್ದೆ. ಒಂದು ವರ್ಷ ಲ್ಯಾಬ್ ಟೆಕ್ನಿಷಿಯನ್‌ಗೆ ಹೋದ ಡಬ್ಬಿಯೊಳಗೆ ‘ಆದರಣೀಯ ಡಾಕ್ಟರ್ ಅವರಿಗೆ’ ಎಂಬ ಚೀಟಿ ಹಾಗೇ ಉಳಿದಿತ್ತು. ಆತ ಅದನ್ನು ಮಡಚಿ ನನಗೇ ತಂದುಕೊಟ್ಟ, ಬೇಕಾಗಬಹುದು ಅಂತ. ವ್ಯಂಗ್ಯವಿತ್ತೋ ಇಲ್ಲವೋ ಈಗಲೂ ತಿಳಿಯದು.

ಗದಗಿನಲ್ಲಿ ನಮ್ಮ ಅಪ್ಪನದು ಅಡತಿ ಅಂಗಡಿ. ದೀಪಾವಳಿಯ ಲೆಕ್ಕದ ಪುಸ್ತಕದ ಪೂಜೆಯಾದ ಮೇಲೆ ಗುಮಾಸ್ತರಿಗೂ ಹಮಾಲರಿಗೂ ಆಯೇರಿ ಇರುತ್ತಿತ್ತು. ಧೋತರ, ಅವರ ಹೆಂಡತಿಗೆ ಸೀರೆ. ಹಂಚುವ ಕೆಲಸ ಮಕ್ಕಳದು. ನಾನೊಮ್ಮೆ ಅವಸರದಲ್ಲಿ ಗಂಟನ್ನು ಕಟ್ಟೆಯ ಮೇಲಿಟ್ಟು ಓಡಿದ್ದಕ್ಕೆ ಅಪ್ಪ ವಾಪಸ್ ಕರೆದು, ‘ಕಟ್ಟಿ ಮ್ಯಾಲೆ ಇಡಬ್ಯಾಡ. ಕೈಯಾಗ ಕೊಡು, ಮಾರಿ ನೋಡಿ ಕೊಡು’ ಎಂದಿದ್ದರು. ಅಪ್ಪನ ಅಂಗಡಿಯಲ್ಲಿ ಹಮಾಲಿ ಎಷ್ಟಿತ್ತು, ಅದು ನ್ಯಾಯವಾಗಿತ್ತೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹಳೆಯದನ್ನೆಲ್ಲ ಚೆಂದ ಮಾಡಿ ಹೇಳುವ ಇಚ್ಛೆಯೂ ಇಲ್ಲ. ಆದರೆ ಮಾರಿ ನೋಡಿ ಕೊಡುವುದನ್ನು ನಾನು ಎಲ್ಲಿ ಬಿಟ್ಟೆ ಎಂದು ಆ ಮಾರ್ಚ್‌ನಲ್ಲಿ ಬಹಳ ಯೋಚಿಸಿದೆ.

ಹೊರನಾಡಿನಲ್ಲಿ ಸ್ವಂತ ದವಾಖಾನೆಯೋ ಆಫೀಸೋ ಇಟ್ಟುಕೊಂಡಿರುವ ನಮ್ಮಂಥವರಿಗೆ ಒಂದು ವಿಚಿತ್ರ ಸ್ಥಿತಿಯಿದೆ. ಜನರನ್ನು ಸಂಭಾಳಿಸುವುದನ್ನು ನಮಗೆ ಯಾರೂ ಕಲಿಸಿಲ್ಲ. ಐದೂವರೆ ವರ್ಷದ ಎಂಬಿಬಿಎಸ್‌ನಲ್ಲಿ ಸಂಬಳದ ರಜಿಸ್ಟರ್ ಹೇಗೆ ಬರೆಯುವುದು ಎಂಬ ಒಂದು ತಾಸಿನ ಪಾಠವೂ ನನಗೆ ಆಗಿಲ್ಲ. ಕಾನೂನೂ ನಮ್ಮಂಥ ಸಣ್ಣವರನ್ನು ಬಹುಮಟ್ಟಿಗೆ ನಮ್ಮ ಪಾಡಿಗೆ ಬಿಟ್ಟಿದೆ. 1965ರ ಬೋನಸ್ ಕಾಯ್ದೆ ಮುಖ್ಯವಾಗಿ ಇಪ್ಪತ್ತು ಮತ್ತು ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆಂದು ಮಾಡಿದ್ದು. ಕನಿಷ್ಠ ಶೇ 8.33, ಅಂದರೆ ಹೆಚ್ಚುಕಡಿಮೆ ವರ್ಷಕ್ಕೆ ಒಂದು ತಿಂಗಳ ಸಂಬಳ. ನನ್ನಲ್ಲಿರುವುದು ಏಳೇ ಜನ: ರಿಸೆಪ್ಷನ್‌ಗೆ ಇಬ್ಬರು, ಸಿಸ್ಟರ್ ಇಬ್ಬರು, ಲ್ಯಾಬ್ ಟೆಕ್ನಿಷಿಯನ್, ಕಂಪೌಂಡರ್, ಮಾವಶಿ. ಆದರೂ ಮುಂಬೈ ಕಡೆ ದೀಪಾವಳಿಗೆ ಒಂದು ಪಗಾರ ಕೊಡುವುದು ರೂಢಿ. ಅದನ್ನು ನಾನು ಮೆಚ್ಚುಗೆ ಎಂದು ಎಣಿಸಿಕೊಂಡಿದ್ದೆ. ಅವರ ಲೆಕ್ಕದಲ್ಲಿ ಅದು ಹದಿಮೂರನೇ ಪಗಾರ, ಅಷ್ಟೇ. ಬರದಿದ್ದರೆ ಬೇಸರ, ಬಂದರೆ ವಿಶೇಷವಿಲ್ಲ. ಅವರ ಲೆಕ್ಕವೇ ಸರಿ.

ಮೊದಲು ಮಾಡಿದ್ದು ಸಂಬಳದ ಕೆಲಸ. ಯಾರಾದರೂ ಬಂದು ಕೇಳಿದರೆ ಮಾತ್ರ ಹೆಚ್ಚಿಸುತ್ತಿದ್ದೆ. ಕೇಳಲು ಬಾಯಿ ಬಾರದವರಿಗೆ ಮೂರು ವರ್ಷ ಅದೇ ಸಂಬಳ. ಈಗ ಪ್ರತಿ ಏಪ್ರಿಲ್‌ಗೆ ಎಲ್ಲರಿಗೂ, ಕೇಳುವ ಮೊದಲೇ. ಇದರ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ಸಂಬಳ ಕಡಿಮೆಯಿಟ್ಟು ಶಾಲು ಹೊದಿಸಿದರೆ ಶಾಲಿನ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಆಮೇಲೆ ಉತ್ಸಾಹದಲ್ಲಿ ಕೆಲವು ತಪ್ಪುಗಳನ್ನೂ ಮಾಡಿದೆ. ಮಾಲ್‌ಗಳಲ್ಲಿ ನೋಡಿದ್ದೆ, ‘ತಿಂಗಳ ಉತ್ತಮ ಸಿಬ್ಬಂದಿ’ ಅಂತ ಫೋಟೊ ಹಾಕುತ್ತಾರೆ. ನಾನೂ ರಿಸೆಪ್ಷನ್ ಗೋಡೆಗೆ ಒಂದು ಫ್ರೇಮ್ ಹೊಡೆಸಿದೆ. ಮೊದಲ ತಿಂಗಳು ಹಿರಿಯ ಸಿಸ್ಟರ್, ಎರಡನೆಯದು ಲ್ಯಾಬ್ ಹುಡುಗ, ಮೂರನೆಯದು ಮತ್ತೆ ಸಿಸ್ಟರ್. ಏಳು ಜನರಲ್ಲಿ ಒಬ್ಬರನ್ನು ಆರಿಸಿದರೆ ಆರು ಜನ ಸೋತಂತೆ. ಕಿರಿಯ ಸಿಸ್ಟರ್ ಹಿರಿಯಳ ಜತೆ ಡಬ್ಬಿ ಹಂಚಿಕೊಂಡು ಉಣ್ಣುವುದನ್ನು ಬಿಟ್ಟಳು. ಮಾವಶಿಯ ಫೋಟೊ ಬರಲೇ ಇಲ್ಲ. ಅವಳ ಕೆಲಸ ಕಣ್ಣಿಗೆ ಬೀಳುವುದು ಅವಳು ರಜೆ ಹಾಕಿದ ದಿನ ಮಾತ್ರ. ನಾಲ್ಕನೇ ತಿಂಗಳು ಫ್ರೇಮ್ ತೆಗೆಸಿ ಅಲ್ಲಿ ಲಸಿಕೆಯ ಚಾರ್ಟ್ ಹಾಕಿದೆ.

ಇನ್ನೊಂದು, ತಡವಾಗಿ ಬಂದರೆ ಐವತ್ತು ರೂಪಾಯಿ ಕಡಿತ. ಹೀಗೆ ಕತ್ತರಿಸುವುದು ಕಾನೂನಿಗೆ ಒಪ್ಪುತ್ತದೆಯೇ ಎಂದು ಕೂಡ ನೋಡಿರಲಿಲ್ಲ. ಲ್ಯಾಬ್ ಹುಡುಗ ಬರುವುದು ಬದಲಾಪುರದಿಂದ. ಕರ್ಜತ್ ಕಡೆಯಿಂದ ತುಂಬಿಕೊಂಡೇ ಬರುವ ಲೋಕಲ್. ಒಂದು ತಪ್ಪಿದರೆ ಮುಂದಿನದಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಮೊದಲೆಲ್ಲ ಸ್ಟೇಷನ್‌ನಿಂದ ಓಡುತ್ತಾ, ‘ಸಾರಿ ಮ್ಯಾಡಂ’ ಅನ್ನುತ್ತಾ ಬರುತ್ತಿದ್ದವನು ಕಡಿತ ಶುರುವಾದ ಮೇಲೆ ನಿಧಾನವಾಗಿ ನಡೆದುಬಂದು, ಐವತ್ತರ ನೋಟನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಕೂರತೊಡಗಿದ. ಸಾರಿ ಇಲ್ಲ, ದುಡ್ಡು ಕೊಟ್ಟಾಯಿತಲ್ಲ! ಇಸ್ರೇಲಿನ ಹೈಫಾ ಊರಿನಲ್ಲಿ ಹೀಗೇ ಆಗಿದೆಯೆಂದು ಆಮೇಲೆ ಓದಿದೆ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಅಲ್ಲಿನ ಕೆಲವು ಶಿಶುವಿಹಾರಗಳಲ್ಲಿ ದಂಡ ಹಾಕಿ ನೋಡಿದರಂತೆ. ತಡವಾಗಿ ಬರುವವರು ಇನ್ನಷ್ಟು ಹೆಚ್ಚಿದರು. ದಂಡ ತೆಗೆದ ಮೇಲೂ ಮೊದಲಿನಂತೆ ಕಡಿಮೆಯಾಗಲಿಲ್ಲ. 2000ನೇ ಇಸವಿಯಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಪ್ರಕಟಿಸಿದ್ದಾರೆ. ನಾನು ಮಾಡಿದ್ದು ಇಷ್ಟೇ: ಲ್ಯಾಬ್ ತೆರೆಯುವ ಹೊತ್ತನ್ನು ಇಪ್ಪತ್ತು ನಿಮಿಷ ಮುಂದಕ್ಕೆ ಹಾಕಿದೆ. ಅದಕ್ಕಾಗಿ ಒಬ್ಬ ರೋಗಿಯೂ ದೂರಲಿಲ್ಲ.

ಟೆಸ್ಟ್ ಹೆಚ್ಚಾದರೆ ಇನ್‌ಸೆಂಟಿವ್ ಕೊಡಿ ಎಂಬ ಸಲಹೆಯೂ ಬಂತು, ನನ್ನ ಬ್ಯಾಚಿನ ಗೆಳೆಯನಿಂದಲೇ. ಅದನ್ನು ಮಾತ್ರ ಮಾಡಲಿಲ್ಲ, ಸದ್ಯ. ದವಾಖಾನೆ ಎಂದರೆ ಮೊಬೈಲ್ ಅಂಗಡಿಯಲ್ಲ. ಇಂದು ಹತ್ತು ಟೆಸ್ಟ್‌ಗೆ ಬಹುಮಾನ ಕೊಟ್ಟರೆ ನಾಳೆ ಹನ್ನೊಂದನೆಯದು ಯಾರ ತೋಳಿನಿಂದ ಬರುತ್ತದೆ?

ನಿಜವಾಗಿ ಕೆಲಸಕ್ಕೆ ಬಂದದ್ದು ನಾನು ಉಡುಗೊರೆ ಎಂದು ಎಂದೂ ಎಣಿಸದಿದ್ದ ಒಂದು ಸಂಗತಿ. ನಮ್ಮ ಏಳು ಜನರಲ್ಲಿ ನಾಲ್ವರು ಕೊಂಕಣದವರು. ಅವರಿಗೆ ದೀಪಾವಳಿ ಹಾಗಿರಲಿ, ಗಣಪತಿ ಹಬ್ಬಕ್ಕೆ ಊರಿಗೆ ಹೋಗದಿದ್ದರೆ ಆ ವರ್ಷವೇ ವ್ಯರ್ಥ. ರತ್ನಾಗಿರಿ, ಸಿಂಧುದುರ್ಗದ ಕಡೆ ಹೋಗುವ ರೈಲುಗಳ ಟಿಕೆಟು ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಖಾಲಿ. ಇತ್ತ ನಮಗೆ ಆಗಸ್ಟ್‌, ಸೆಪ್ಟೆಂಬರ್ ಅಂದರೆ ಡೆಂಗಿ, ಮಲೇರಿಯಾ, ಲೆಪ್ಟೊ. ವರ್ಷದ ಅತಿ ಹೆಚ್ಚು ನೂಕುನುಗ್ಗಲು ಅದೇ ದಿನಗಳಲ್ಲಿ. ಹಾಗಾಗಿ ನಾನು ರಜೆಯ ಮಾತನ್ನು ಕೊನೆಯ ವಾರದವರೆಗೆ ತಳ್ಳುತ್ತಿದ್ದೆ, ‘ನೋಡೋಣ, ರಶ್ ಹೇಗಿರುತ್ತೋ’ ಎಂದು. ಕೊನೆಗೆ ರಜೆ ಕೊಟ್ಟರೂ ಟಿಕೆಟ್ ಇರುತ್ತಿರಲಿಲ್ಲ. ಖಾಸಗಿ ಬಸ್ಸಿಗೆ ಮೂರು ಪಟ್ಟು ತೆತ್ತು, ರಾತ್ರಿಯಿಡೀ ಕುಲುಕಿಸಿಕೊಂಡು ಹೋಗುತ್ತಿದ್ದರು. ನಾನು ಕೊಟ್ಟ ಬೋನಸ್ಸಿನ ಒಂದು ಭಾಗ ನನ್ನ ‘ನೋಡೋಣ’ಕ್ಕೇ ಕರಗುತ್ತಿತ್ತು ಎನ್ನಿ.

2018ರಿಂದ ಏಪ್ರಿಲ್‌ನಲ್ಲೇ ಕೂತು ಗಣಪತಿಯ ರಜೆ ಗೊತ್ತುಮಾಡುತ್ತೇವೆ. ಈ ವರ್ಷ ಇಬ್ಬರು ಮೊದಲ ಐದು ದಿನ, ಇನ್ನಿಬ್ಬರು ನಂತರ. ಮುಂದಿನ ವರ್ಷ ಅದಲುಬದಲು. ಕಾಗದದ ಮೇಲೆ ಬರೆದು ನಾನು ಸಹಿ ಹಾಕುತ್ತೇನೆ. ಒಮ್ಮೆ ಸಹಿ ಹಾಕಿದರೆ ಡೆಂಗಿ ಎಷ್ಟೇ ಇರಲಿ ನಾನು ಮುರಿಯುವಂತಿಲ್ಲ. ಆ ಹತ್ತು ದಿನ ಬೇರೆ ಕಡೆಯಿಂದ ದಿನಗೂಲಿ ಸಿಸ್ಟರ್ ಕರೆಸುತ್ತೇನೆ, ರೋಗಿಗಳ ಸಂಖ್ಯೆಗೂ ಮಿತಿ ಹಾಕುತ್ತೇನೆ. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಬುಕಿಂಗನ್ನು 120 ದಿನದಿಂದ 60ಕ್ಕೆ ಇಳಿಸಿದೆ, ಆದರೂ ನಮ್ಮ ಕಾಗದ ಏಪ್ರಿಲ್‌ನಲ್ಲೇ ಆಗುತ್ತದೆ. ಕಂಪೌಂಡರ್ ಅದರ ಜೆರಾಕ್ಸ್ ತೆಗೆದು ಊರಿನ ಮನೆಯ ದೇವರ ಮುಂದೆ ಇಟ್ಟಿದ್ದಾನಂತೆ! ಮೆಚ್ಚುಗೆ ಎಂದರೆ ಚಪ್ಪಾಳೆ ಎಂದುಕೊಂಡಿದ್ದ ನನಗೆ ಅದು ರಜೆಯ ಚೀಟಿಯೂ ಆಗಬಹುದೆಂದು ತಿಳಿದದ್ದು ಆಗ.

ಚಪ್ಪಾಳೆಯ ಮಾತು ಬಂತು. 2020ರ ಮಾರ್ಚ್ 22ರ ಸಂಜೆ ಐದಕ್ಕೆ ನಮ್ಮ ಸೊಸೈಟಿಯ ಬಾಲ್ಕನಿಗಳಲ್ಲೆಲ್ಲ ತಾಟು ಬಾರಿಸಿದರು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ಮುಂಬೈ ಆಸ್ಪತ್ರೆಗಳ ಮೇಲೂ ಹೂವಿನ ಪಕಳೆ ಸುರಿಸಿದವು. ಟಿವಿಯಲ್ಲಿ ನೋಡಿ ನನಗೂ ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ. ಲೋಕಲ್ ನಿಂತಿದ್ದರಿಂದ ಮಾವಶಿ ಠಾಕುರ್ಲಿಯಿಂದ ನಡೆದು ಬರುತ್ತಿದ್ದಳು. ಒಂದು ದಿನ ಅವಳ ಸೀರೆಯ ಮಡಿಕೆಯೆಲ್ಲ ಒದ್ದೆ. ವಿಚಾರಿಸಿದರೆ, ಚಾಳಿನ ನಲ್ಲಿಯಲ್ಲಿ ನೀರು ಹಿಡಿಯಲು ಬಿಡುತ್ತಿಲ್ಲ, ದವಾಖಾನೆಯಿಂದ ಕಾಯಿಲೆ ತರುತ್ತಾಳೆಂದು. ಬೆಳಗಿನ ಜಾವ ನಾಲ್ಕಕ್ಕೆ ಬೇರೆ ಓಣಿಯಿಂದ ಹೊತ್ತು ತರುತ್ತಿದ್ದಳು. ಅವಳಿಗೆ ಐನೂರು ರೂಪಾಯಿ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ‘ನೀವೊಂದು ಸಲ ಬಂದು ಹೇಳಿ’ ಅಂದಳು.

ಹೋದೆ. ಮಾಸ್ಕ್ ಹಾಕಿ ಚಾಳಿನ ನಡುವೆ ನಿಂತು, ಇವಳಿಂದ ಯಾಕೆ ಹೆದರಬೇಕಿಲ್ಲ, ನಾವು ಏನೇನು ಎಚ್ಚರಿಕೆ ವಹಿಸುತ್ತೇವೆ ಎಂದು ಅರ್ಧ ಗಂಟೆ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ನಿಮ್ಮಲ್ಲಿ ಯಾರಿಗೆ ಜ್ವರ ಬಂದರೂ ಇವಳ ಹತ್ತಿರ ಹೇಳಿಕಳಿಸಿ, ನಾನು ನೋಡುತ್ತೇನೆ ಎಂದೆ. ಮರುದಿನದಿಂದ ನೀರು ಸಿಕ್ಕಿತು. ಆ ಚಾಳಿನಲ್ಲಿ ಮಾವಶಿಯ ಸ್ಥಾನವೂ ಸ್ವಲ್ಪ ಏರಿತೆಂದು ಕಾಣುತ್ತದೆ. ಜ್ವರ ಬಂದವರೆಲ್ಲ ಮೊದಲು ಅವಳ ಬಾಗಿಲಿಗೇ ಹೋಗುತ್ತಿದ್ದರಂತೆ.

ಅಂದಿನಿಂದ ಹೊರಗಿನವರು ನಮ್ಮವರ ಮೇಲೆ ಕೂಗಿದರೆ ನಾನು ಕುರ್ಚಿ ಬಿಟ್ಟು ಹೊರಗೆ ಬರುತ್ತೇನೆ. ಸಿಬ್ಬಂದಿಯದೇ ತಪ್ಪಿದ್ದರೆ ಒಳಗೆ ಕರೆದು, ಬಾಗಿಲು ಹಾಕಿ ಹೇಳುತ್ತೇನೆ. ಹೊಗಳುವುದಿದ್ದರೆ ಅಂದೇ, ಹೊರಗೆ ನಿಂತು. ‘ಚೆನ್ನಾಗಿ ಕೆಲಸ ಮಾಡ್ತೀಯ’ ಎಂಬ ಮಾತು ಯಾರಿಗೂ ಮುಟ್ಟುವುದಿಲ್ಲ. ‘ನಿನ್ನೆ ಆ ಮಗುವಿನ ಸೂಜಿ ಒಂದೇ ಸಲಕ್ಕೆ ಹಾಕಿದೆಯಲ್ಲ, ಅದರ ತಾಯಿ ಹೋಗುವಾಗ ಹೇಳಿ ಹೋದಳು’ ಎಂದರೆ ಸಿಸ್ಟರ್ ಸಂಜೆಯವರೆಗೆ ಗುನುಗುತ್ತಿರುತ್ತಾಳೆ. ದಾದಿಯರಿಗೆ ಮೇ 12 ಇದೆ, ನಮಗೆ ಜುಲೈ 1 ಇದೆ. ರಿಸೆಪ್ಷನಿಸ್ಟ್‌ಗೆ, ಮಾವಶಿಗೆ ಅಂಥ ದಿನವಿದ್ದದ್ದು ನನಗಂತೂ ನೆನಪಿಲ್ಲ. ಹಾಗಾಗಿ ನಮ್ಮಲ್ಲಿ ಜುಲೈ 1ರಂದು ಬರುವ ಹೂವು, ಕೇಕು ಎಲ್ಲ ರಿಸೆಪ್ಷನ್ ಮೇಜಿನ ಮೇಲೇ ಇಳಿಯುತ್ತವೆ.

ಪುಕ್ಕಟೆ ಚಿಕಿತ್ಸೆಯ ಹೆಮ್ಮೆಯೂ ಒಂದು ದಿನ ಇಳಿಯಿತು. ಕಿರಿಯ ಸಿಸ್ಟರ್ ಬಸುರಿಯಾಗಲು ಬೇರೆ ಡಾಕ್ಟರ ಬಳಿ ಒಂದು ವರ್ಷದಿಂದ ಚಿಕಿತ್ಸೆ ಪಡೆಯುತ್ತಿದ್ದಳೆಂದು ತಡವಾಗಿ ತಿಳಿಯಿತು. ನನಗೇಕೆ ಹೇಳಲಿಲ್ಲ ಎಂದು ಮೊದಲು ನೊಂದೆ. ಸಂಬಳ ಕೊಡುವವರ ಮುಂದೆ ತನ್ನ ಮೈಯ ಕಥೆ ಹೇಳಲು ಯಾರಿಗೆ ಇಷ್ಟ? ಅವಳು ಒಪ್ಪಿದ ಮೇಲೆಯೇ ಇದನ್ನು ಇಲ್ಲಿ ಬರೆದಿದ್ದೇನೆ. ಈಗ ಎಲ್ಲರಿಗೂ ಆರೋಗ್ಯ ವಿಮೆಯ ಕಂತು ಕಟ್ಟುತ್ತೇನೆ. ಎಲ್ಲಿ ಬೇಕಾದರೂ ತೋರಿಸಿಕೊಳ್ಳಲಿ, ನಾನು ಕೇಳುವುದಿಲ್ಲ.

ಕಳೆದ ವರ್ಷ ಮಾವಶಿ ಮಂಡಿನೋವಿನಿಂದ ಕೆಲಸ ಬಿಟ್ಟಳು. ಹದಿನೇಳು ವರ್ಷ. ಗ್ರಾಚ್ಯುಟಿ ಕಾಯ್ದೆ ಬರುತ್ತಿದ್ದುದು ಹತ್ತು ಜನರಿರುವ ಕಡೆ, ನಾವು ಏಳೇ. ಲೆಕ್ಕ ನೋಡುವವರು, ‘ಕೊಡಲೇಬೇಕೆಂದಿಲ್ಲ ಮ್ಯಾಡಂ, ಒಂದು ಸೀರೆ, ಐದು ಸಾವಿರ ಕೊಡಿ, ಸಾಕು’ ಎಂದರು. 1972ರ ಆ ಕಾಯ್ದೆ ಹಾಕಿಕೊಟ್ಟ ಲೆಕ್ಕವನ್ನೇ ಹಿಡಿದೆ: ಕೊನೆಯ ಸಂಬಳ 13,000; ಅದನ್ನು 26 ದಿನದಿಂದ ಭಾಗಿಸಿದರೆ ದಿನಕ್ಕೆ 500; ವರ್ಷಕ್ಕೆ ಹದಿನೈದು ದಿನದಂತೆ ಹದಿನೇಳು ವರ್ಷಕ್ಕೆ 1,27,500 ರೂಪಾಯಿ. ಒಮ್ಮೆಗೇ ಅಷ್ಟು ಕೊಡುವುದು ಸಣ್ಣ ದವಾಖಾನೆಗೆ ಸುಲಭವಲ್ಲ, ಆ ವರ್ಷದ ಹೊಸ ಎಸಿ ಮುಂದಕ್ಕೆ ಹೋಯಿತು. ಉಳಿದವರಿಗಾಗಿ ಈಗ ತಿಂಗಳು ತಿಂಗಳು ಒಂದಿಷ್ಟು ಬೇರೆ ಖಾತೆಗೆ ಹಾಕುತ್ತಿದ್ದೇನೆ. ಮಾವಶಿ ಚೆಕ್ಕನ್ನು ನೋಡಿ, ಮಗನಿಗೆ ಗೊತ್ತಾಗದ ಹಾಗೆ ಪೋಸ್ಟಾಫೀಸಿನಲ್ಲಿ ಇಡಿಸಿಕೊಡಿ ಎಂದಳು. ಇಡಿಸಿಕೊಟ್ಟೆವು.

ಅವಳ ಬೀಳ್ಕೊಡುಗೆಗೆ ದವಾಖಾನೆ ಮುಚ್ಚಿದ ಮೇಲೆ ಪಾವ್‌ಭಾಜಿ ತರಿಸಿದ್ದೆವು. ಹಳಬರನ್ನೂ ಕರೆದಿದ್ದೆ. ಆ ರಿಸೆಪ್ಷನ್ ಹುಡುಗಿ ಬಂದಳು, ಈಗ ಇಬ್ಬರು ಮಕ್ಕಳ ತಾಯಿ. ಆ ದಿನದ ತಪ್ಪು ನನ್ನದು ಎಂದು ಎಲ್ಲರ ಎದುರೇ ಹೇಳಿದೆ. ಹೇಳಬೇಕಾಗಿದ್ದದ್ದಕ್ಕಿಂತ ಎಂಟು ವರ್ಷ ತಡವಾಗಿ. ಅವಳು ತಟ್ಟೆಯತ್ತ ನೋಡುತ್ತಾ, ‘ಬಿಡಿ ಮ್ಯಾಡಂ, ಎಷ್ಟೋ ಕಾಲ ಆಯಿತು’ ಅಂದಳು. ಸ್ವಲ್ಪ ಹೊತ್ತಿನ ಮೇಲೆ, ‘ಆ ಆಜೋಬಾ ಈಗಲೂ ಬರುತ್ತಾರಾ?’ ಎಂದು ಕೇಳಿದಳು.

ಬರುತ್ತಾರೆ, ತಿಂಗಳಿಗೊಮ್ಮೆ ಬಿಪಿ ತೋರಿಸಲು. ಮುಂದಿನ ವಾರ ಬಂದಾಗ ಹೇಳಿದೆ: ನಿಮ್ಮನ್ನು ಅಂದು ನಂಬರ್ ಬಿಟ್ಟು ಒಳಗೆ ಕರೆತಂದವಳು ಕೇಳಿದಳು. ಅವರಿಗೆ ಅರ್ಥವಾಗಲಿಲ್ಲ. ಅಂದು ತಮ್ಮ ನಂಬರೇ ಬಂದಿತ್ತೆಂದು ಇಷ್ಟು ವರ್ಷ ತಿಳಿದಿದ್ದರು. ಎಲ್ಲವನ್ನೂ ಹೇಳಿದೆ. ತೋಳಿನ ಬಿಪಿ ಪಟ್ಟಿಯನ್ನು ಬಿಚ್ಚದೆ ಹಾಗೇ ಕೂತಿದ್ದರು. ಆಮೇಲೆ ಅವಳ ನಂಬರ್ ಕೇಳಿದರು.

ಅವಳನ್ನು ಕೇಳಿ ಕೊಡುತ್ತೇನೆ ಎಂದೆ.